ಹದಿನೈದು ಕುರ್ಚಿ ಹಾಕಿಸು, ಪುಟ್ಟಿ

ಸಾಗರ
26 ಏಪ್ರಿಲ್ 2023

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ. ಮೊನ್ನೆ ಒಂದು ಮಳೆ ಬಿದ್ದು ತೋಟಕ್ಕೂ ತಂಪಾಯಿತು.

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಅರ್ಧಂಬರ್ಧ ಉತ್ತರ ಕೊಟ್ಟೆ. ಬೆಳಗಿನ ಜಾವ ಎಚ್ಚರವಾದಾಗಲೂ ಅದೇ ತಲೆಯಲ್ಲಿ ಓಡುತ್ತಿತ್ತು. ಇಂಥದ್ದನ್ನು ಬಾಯಲ್ಲಿ ಹೇಳಹೊರಟರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಮೈಸೂರಿನ ನಿಮ್ಮ ಬಡಾವಣೆಯ ಸಂಘ ಮೇ 7ರ ಭಾನುವಾರ ಈ ವಿಧಾನಸಭೆ ಚುನಾವಣೆಯ ಅಭ್ಯರ್ಥಿಗಳ ಮುಖಾಮುಖಿ ಇಟ್ಟುಕೊಂಡಿದೆ. ನಾಮಪತ್ರ ವಾಪಸ್ ಪಡೆಯುವ ದಿನ ಸೋಮವಾರ ಮುಗಿದು, ನಿಮ್ಮ ಕ್ಷೇತ್ರದಲ್ಲಿ 15 ಜನ ಉಳಿದಿದ್ದಾರೆ. ಮೂರು ದೊಡ್ಡ ಪಕ್ಷದವರನ್ನು ಮಾತ್ರ ಕರೆದರೆ ಸಾಕು, ಉಳಿದವರು ಹೇಗೂ ಡಿಪಾಸಿಟ್ ಕಳೆದುಕೊಳ್ಳುವವರು ಅಂತ ಸಂಘದ ಹಿರಿಯರು ಹೇಳುತ್ತಿದ್ದಾರೆ. ಕರೆಯೋಲೆ ಬರೆಯುವ ಕೆಲಸ ನಿನ್ನ ಮೇಲೆ ಬಿದ್ದಿದೆ. ಇಷ್ಟೇ ಅಲ್ವಾ ವಿಷಯ?

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. 15 ಜನರಿಗೂ ಕರೆಯೋಲೆ ಹೋಗಬೇಕು. ಇದನ್ನು ನಾನು ಬುದ್ಧಿವಂತಿಕೆಯಿಂದ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಆ ಕಥೆ ನಿನ್ನ ಅಪ್ಪನಿಗೂ ಗೊತ್ತು, ನಿನಗೆ ಹೇಳಿರಲಾರ.

1987ರ ಜನವರಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ರಾಜ್ಯದಲ್ಲಿ ಮೊದಲ ಚುನಾವಣೆ. ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆಯುತ್ತಿದ್ದರು. ಅಧಿಕಾರ ನಮ್ಮ ಊರಿನ ಕಟ್ಟೆಗೇ ಬರುತ್ತದೆ ಅನ್ನುವ ಹುರುಪು ನಮಗೆಲ್ಲ. ನಾನು ಆಗ ಊರಿನ ಯುವಕ ಸಂಘದ ಕಾರ್ಯದರ್ಶಿ. ಶಾಲೆಯ ಅಂಗಳದಲ್ಲಿ ಒಂದು ಸಭೆ ಇಟ್ಟೆವು. ಜಿಲ್ಲಾ ಪರಿಷತ್ತಿಗೆ ನಿಂತವರು ಬಂದು ಮಾತಾಡಲಿ, ಜನ ಪ್ರಶ್ನೆ ಕೇಳಲಿ ಅಂತ. ಪೆಟ್ರೋಮ್ಯಾಕ್ಸ್ ಹೊತ್ತು ತಂದವನು ನಿನ್ನ ಅಪ್ಪನೇ.

ನಿಂತವರು ನಾಲ್ಕು ಜನ. ನಾನು ಕರೆದದ್ದು ಇಬ್ಬರನ್ನು. ಉಳಿದಿಬ್ಬರಲ್ಲಿ ಒಬ್ಬರು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಸೈಕಲ್ಲಿನ ಹಿಂದೆ ಸ್ಪ್ಯಾನರ್ ಚೀಲ ಕಟ್ಟಿಕೊಂಡು ಸುತ್ತಿನ ಊರೆಲ್ಲ ತಿರುಗುತ್ತಿದ್ದರು. ಅವರಿಗೆ ಎಷ್ಟು ವೋಟು ಬಿದ್ದೀತು ಅಂತ ನಾನೇ ಮನಸ್ಸಿನಲ್ಲಿ ಎಣಿಸಿ, ಕರೆಯುವುದು ಬೇಡ ಅಂತ ತೀರ್ಮಾನ ಮಾಡಿದ್ದೆ. ಆದರೂ ಅವರು ಸಭೆಗೆ ಬಂದಿದ್ದರು. ಕೊನೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದರು.

ಕುಡಿಯುವ ನೀರಿನ ಪ್ರಶ್ನೆ ಬಂತು. ಯಾವ ಊರಿನಲ್ಲಿ ಎಷ್ಟು ಬೋರ್‌ವೆಲ್ ಕೆಟ್ಟಿವೆ, ಯಾರು ಸರಿಮಾಡಿಸಬೇಕು ಅಂತ ಒಬ್ಬ ಹೆಂಗಸು ಕೇಳಿದರು. ವೇದಿಕೆ ಮೇಲಿದ್ದ ಇಬ್ಬರೂ ತಡವರಿಸಿದರು. ಆಗ ಗೋಡೆಯ ಬಳಿಯಿಂದ ಅವರು ಕೈ ಎತ್ತಿದರು. ಎತ್ತಿದ ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು. ನಾನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. "ಸಮಯ ಇಲ್ಲ, ಮುಂದಿನ ಪ್ರಶ್ನೆ" ಅಂದುಬಿಟ್ಟೆ.

ಸಭೆ ಮುಗಿಯುವ ಮೊದಲೇ ಅವರು ಸೈಕಲ್ ಹತ್ತಿ ಹೋದರು. ಚುನಾವಣೆಯಲ್ಲಿ ಸೋತರು. ನನ್ನ ಎಣಿಕೆ ಸರಿಯಾಗಿಯೇ ಇತ್ತು, ಪುಟ್ಟಿ. ಆದರೆ ಆ ನೋಟ್‌ಬುಕ್ಕಿನಲ್ಲಿ ಕೆಟ್ಟ ಬೋರ್‌ವೆಲ್‌ಗಳ ಪಟ್ಟಿಯೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಊರಿನ ಹೆಸರು, ಯಾವಾಗ ಕೆಟ್ಟಿತು, ಯಾವ ಬಿಡಿಭಾಗ ಬೇಕು, ಎಲ್ಲ ಬರೆದಿಟ್ಟಿದ್ದರಂತೆ. ಅದನ್ನು ಅವತ್ತು ಎಲ್ಲರ ಎದುರು ಓದಿದ್ದರೆ, ಗೆದ್ದವರು ಮರುದಿನದಿಂದಲೇ ಆ ಪಟ್ಟಿಗೆ ಉತ್ತರ ಹೇಳಬೇಕಾಗುತ್ತಿತ್ತು. ಆ ಹೆಂಗಸಿನ ಪ್ರಶ್ನೆಗೆ ಉತ್ತರ ಅಂಗಳದಲ್ಲೇ ಇತ್ತು. ಅಡ್ಡ ನಿಂತವನು ನಾನು. ಅವರು ಈಗಿಲ್ಲ. ಇದ್ದಾಗ ಹೋಗಿ ತಪ್ಪಾಯಿತು ಅನ್ನಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

"ಗೆಲ್ಲುವವರನ್ನು ಮಾತ್ರ ಕರೆಯೋಣ" ಅನ್ನುವ ಮಾತು ಕೇಳಿದರೆ ನನಗೆ ಇನ್ನೊಂದು ನೆನಪಾಗುತ್ತದೆ. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿಷಯ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಆಗ ಅವರಿಗೆ 87 ವರ್ಷ. ಗೆಲ್ಲುವುದಿಲ್ಲ ಅಂತ ಬಹಳ ಜನಕ್ಕೆ ಗೊತ್ತಿತ್ತು, ಗೆಲ್ಲಲೂ ಇಲ್ಲ. ಅವರು ಹೆಸರಿಲ್ಲದವರೇನಲ್ಲ, ಜ್ಞಾನಪೀಠ ಪಡೆದವರು. ಆದರೂ ನಿಮ್ಮ ಸಂಘದ ಲೆಕ್ಕ ಹಿಡಿದರೆ ಕಾರಂತರಿಗೂ ಕುರ್ಚಿ ಇಲ್ಲ! ಅಣುಸ್ಥಾವರ ನಮ್ಮ ಕಾಡಿಗೆ, ನದಿಗೆ ತಕ್ಕದ್ದೇ ಅನ್ನುವ ಪ್ರಶ್ನೆಯನ್ನು ಅವರು ವೋಟು ಕೇಳುವ ಜಾಗಕ್ಕೇ ತಂದರು. 1994ರಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ ಕೈಗಾದ ಗುಮ್ಮಟದ ಒಂದು ಭಾಗ ಕುಸಿಯಿತು. ಆಗ ಆ ಪ್ರಶ್ನೆ ಎಷ್ಟೋ ಜನಕ್ಕೆ ಮತ್ತೆ ನೆನಪಾಯಿತು. ಗೆಲ್ಲುವುದು ಬೇರೆ, ಕೇಳಬೇಕಾದ್ದನ್ನು ಕೇಳುವುದು ಬೇರೆ. ಎರಡನೆಯದಕ್ಕೂ ಜನ ಚುನಾವಣೆಗೆ ನಿಲ್ಲುತ್ತಾರೆ.

ಇನ್ನು ಕೆಲವೊಮ್ಮೆ ಅಂಥವರು ಗೆಲ್ಲುತ್ತಾರೆ ಕೂಡ. ನಮ್ಮ ಸಾಗರ-ಹೊಸನಗರದಲ್ಲೇ 1952ರಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದದ್ದು. ಆಗಿನ್ನೂ ಅವರಿಗೆ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಕಾಸಿಲ್ಲ. ಎದುರಿಗೆ ಕಾಂಗ್ರೆಸ್ಸು, ಅದೂ ಸ್ವಾತಂತ್ರ್ಯ ಬಂದ ಹೊಸತು. ಹಿಂದಿನ ವರ್ಷವಷ್ಟೇ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. "ಒಂದು ನೋಟು, ಒಂದು ವೋಟು" ಅಂತ ಕೇಳಿಕೊಂಡು ಅವರು ಊರೂರು ತಿರುಗಿದರು. ಜಗಲಿ ಮೇಲೆ ಕೂತು ಮಾತಾಡಿದರೆ ಗೇಣಿ ಮಾಡುವವರು ಅಂಗಳದ ತುದಿಯಲ್ಲಿ ನಿಂತು ಕೇಳುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ಜಗಲಿಗೆ ಬರುವವರು ಗೆಲ್ಲುತ್ತಾರೋ ಇಲ್ಲವೋ ಅಂತ ಯಾರೂ ಮೊದಲು ವಿಚಾರಿಸುತ್ತಿರಲಿಲ್ಲ.

ಈಗ ಆ ಜಗಲಿ ಇಲ್ಲ. ಚುನಾವಣೆ ಹೊತ್ತಿಗೆ ದೂರದರ್ಶನ, ಆಕಾಶವಾಣಿಯಲ್ಲಿ ಪುಕ್ಕಟೆ ಸಮಯ ಸಿಗುವುದು ಮಾನ್ಯತೆ ಇರುವ ಪಕ್ಷಗಳಿಗೆ ಮಾತ್ರ. ಮತಯಂತ್ರದಲ್ಲೂ ಮಾನ್ಯತೆ ಇರುವ ಪಕ್ಷದವರ ಹೆಸರು ಮೇಲೆ, ಆಮೇಲೆ ಸಣ್ಣ ಪಕ್ಷದವರು, ಪಕ್ಷೇತರರು ಕೊನೆಗೆ. ನಾಮಪತ್ರಕ್ಕೆ ದೊಡ್ಡ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಷ್ಟೆಲ್ಲ ದಾಟಿ ಒಬ್ಬರು ಕಣದಲ್ಲಿ ಉಳಿದ ಮೇಲೆ, "ಇವರು ಯಾರಿಗೂ ಗೊತ್ತಿಲ್ಲ" ಅಂತ ನಾವು ಹೇಳುತ್ತೇವೆ. ಯಾಕೆ ಗೊತ್ತಿಲ್ಲ? ಯಾರೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ? ಯಾರಿಗೂ ಗೊತ್ತಿಲ್ಲ. ಈ ಗಾಣದಿಂದ ಹೊರಗೆ ಬರಲು ಅವರಿಗೆ ಬೇರೆ ದಾರಿ ಎಲ್ಲಿದೆ ಹೇಳು? ನಿಮ್ಮಂಥ ಸಣ್ಣ ಸಂಘದ ಸಭೆಯೊಂದೇ ಉಳಿದಿರುವುದು.

ಅಮೆರಿಕದಲ್ಲೂ ಚರ್ಚೆಗೆ ಇಬ್ಬರನ್ನೇ ನಿಲ್ಲಿಸುತ್ತಾರೆ, ನಮ್ಮದೇನು ಹೆಚ್ಚು ಅಂತ ಯಾರೋ ಅಂದರಂತಲ್ಲ. ಅಲ್ಲಿನ ಕಥೆ ಅಷ್ಟು ಸರಳ ಅಲ್ಲ. 1992ರಲ್ಲಿ ರಾಸ್ ಪೆರೋ ಅನ್ನುವ ಪಕ್ಷೇತರರನ್ನು ಅಧ್ಯಕ್ಷರ ಚುನಾವಣೆಯ ಮೂರೂ ಚರ್ಚೆಗಳಿಗೆ ಕರೆದರು. ಚರ್ಚೆಗೆ ಮೊದಲು ಸಮೀಕ್ಷೆಗಳಲ್ಲಿ ಅವರಿಗಿದ್ದದ್ದು ಶೇಕಡಾ ಹತ್ತರ ಆಸುಪಾಸು. ದೇಶದ ಸಾಲದ ವಿಷಯವನ್ನು ಹಿಡಿದು ಬಿಡದೆ ಮಾತಾಡಿದರು. ಕೊನೆಗೆ ಸುಮಾರು ಶೇಕಡಾ 19ರಷ್ಟು ವೋಟು ಬಂತು. ನಾಲ್ಕು ವರ್ಷದ ಮೇಲೆ ಅದೇ ಮನುಷ್ಯನನ್ನು ಚರ್ಚೆಗೆ ಸೇರಿಸಲಿಲ್ಲ. ಅವರು ಟಿವಿ ಸಮಯವನ್ನೇ ಕೊಳ್ಳಬಲ್ಲ ಶ್ರೀಮಂತರು. ಅಂಥವರನ್ನೇ ಹೊರಗಿಟ್ಟರೆ ದುಡ್ಡಿಲ್ಲದವರ ಗತಿ ಏನು? 2000ದಿಂದ ಸಮೀಕ್ಷೆಯಲ್ಲಿ ಶೇಕಡಾ 15 ಇದ್ದವರಿಗೆ ಮಾತ್ರ ಅಂತ ಗೆರೆ ಎಳೆದರು. ಆದರೆ 1998ರಲ್ಲಿ ಮಿನಸೋಟ ರಾಜ್ಯದಲ್ಲಿ ಗವರ್ನರ್ ಹುದ್ದೆಗೆ ನಿಂತ ಜೆಸ್ಸಿ ವೆಂಚುರಾ ಅನ್ನುವ ಕುಸ್ತಿಪಟುವನ್ನು ದೊಡ್ಡ ಪಕ್ಷದವರ ಜೊತೆ ಚರ್ಚೆಗೆ ಕೂರಿಸಿದ್ದರು. ಅವರು ಶೇಕಡಾ 37 ವೋಟು ಪಡೆದು ಗೆದ್ದೇಬಿಟ್ಟರು. ಆಮೇಲೆ ಆಡಳಿತ ಹೇಗೆ ಮಾಡಿದರು ಅನ್ನುವುದು ಬೇರೆ ವಿಷಯ. ಜನಕ್ಕೆ ಅವರ ಮಾತು ಕೇಳಿ ಅಳೆಯುವ ಅವಕಾಶವಾದರೂ ಸಿಕ್ಕಿತು.

ಹಿರಿಯರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಜನ ನಿಂತಿದ್ದರು. ಅಷ್ಟು ಜನರನ್ನು ಯಾವ ವೇದಿಕೆಯೂ ಹೊರುವುದಿಲ್ಲ. ಆಮೇಲೆಯೇ ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದ್ದು. ಇನ್ನು ವೋಟು ಒಡೆಯಲಿ ಅಂತ ಅದೇ ಹೆಸರಿನವರನ್ನು ಹುಡುಕಿ ನಿಲ್ಲಿಸುವ ಚಾಳಿ ಇದೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅವರ ಎದುರು ಅದೇ ಹೆಸರಿನ ಇನ್ನೂ ಕೆಲವರು ಕಣದಲ್ಲಿದ್ದದ್ದು ನಿನಗೂ ನೆನಪಿರಬೇಕು. ನಿಮ್ಮ 15 ಜನರಲ್ಲೂ ಒಂದಿಬ್ಬರು ಸುಮ್ನೆ ನಿಂತವರು ಇರಬಹುದು.

ಅದಕ್ಕೆ ಜರಡಿ ಬೇಕು, ಒಪ್ಪುತ್ತೇನೆ. ಆದರೆ ಜರಡಿ ಹೆಸರಿನದ್ದಾಗಬಾರದು, ಕೆಲಸದ್ದಾಗಬೇಕು. ಕರೆಯೋಲೆಯ ಜೊತೆ ನಿಮ್ಮ ಬಡಾವಣೆಯ ಮೂರು ಪ್ರಶ್ನೆ ಬರೆದು ಕಳಿಸು. ಕಸ, ಒಳಚರಂಡಿ, ಬಸ್ಸು, ನಿಮಗೆ ಬೇಕಾದ್ದು. ಮೇ 4ರ ಒಳಗೆ ಒಂದು ಪುಟದ ಉತ್ತರ ಬಂದವರಿಗೆ ಕುರ್ಚಿ, ಬರದವರಿಗೆ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ನೀವೇ ಬರೆದುಕೊಳ್ಳಿ. ಈ ನಿಯಮ ಮೂರು ದೊಡ್ಡ ಪಕ್ಷದವರಿಗೂ ಒಂದೇ. ಮೊದಲೇ ನೋಟಿಸ್ ಬೋರ್ಡಿಗೆ ಹಾಕಿಬಿಡು, ಆಮೇಲೆ ಬದಲಾಯಿಸಬೇಡ. ಹೆಸರಿಗಷ್ಟೇ ನಿಂತವರು ಇಲ್ಲಿಯೇ ಉದುರುತ್ತಾರೆ. ಎಲ್ಲರೂ ಬಂದರೂ ತಲಾ ಮೂರು ನಿಮಿಷದಂತೆ 45 ನಿಮಿಷ. ಹಾಲ್ ಮೂರು ಗಂಟೆ ನಿಮ್ಮದೇ ಅಂದೆಯಲ್ಲ, ಆ ಮೇಲೆ ಜನರ ಪ್ರಶ್ನೆಗೆ ಬೇಕಾದಷ್ಟು ಹೊತ್ತು ಉಳಿಯುತ್ತದೆ.

ಮಾತಿನ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸು. ದೊಡ್ಡವರು ನಡುವೆ, ಉಳಿದವರು ಮೂಲೆಗೆ ಅಂತ ಕುರ್ಚಿ ಹಾಕಿಸಬೇಡ. ಎಲ್ಲರ ಅಫಿಡವಿಟ್ಟೂ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೂವರದ್ದಲ್ಲ, 15 ಜನರದ್ದೂ ಓದಿಕೊಂಡು ಹೋಗು. ಜಾತಿ, ಧರ್ಮ ಎತ್ತಿ ಬೈದರೆ ಯಾರದ್ದೇ ಆದರೂ ಮೈಕ್ ನಿಲ್ಲಿಸು. ಸಭೆಗೆ ಚುನಾವಣಾಧಿಕಾರಿಯ ಅನುಮತಿ ಈಗಲೇ ಕೇಳು. 8ರ ಸಂಜೆಗೆ ಬಹಿರಂಗ ಪ್ರಚಾರ ಮುಗಿಯುತ್ತದೆ, ಸಭೆ ಒಂದು ದಿನ ಮುಂದೆ ಹೋದರೂ ಕಷ್ಟ.

ಒಂದು ಮಾತಿಗೆ ಮಾತ್ರ ನೀನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. "ಅವರೆಲ್ಲ ಇದ್ದರೆ ನಮ್ಮ ಸಾಹೇಬರು ಬರುವುದಿಲ್ಲ" ಅಂತ ಯಾವುದೋ ಪಕ್ಷದ ಕಡೆಯಿಂದ ಫೋನ್ ಬರುತ್ತದೆ. ಬಂದೇ ಬರುತ್ತದೆ. ಆಗ ಸಂಘದವರು ನಿನ್ನ ಮುಖ ನೋಡುತ್ತಾರೆ. 1980ರಲ್ಲಿ ಅಧ್ಯಕ್ಷರ ಚುನಾವಣೆಯ ಚರ್ಚೆ ಏರ್ಪಡಿಸುತ್ತಿದ್ದ ಅಮೆರಿಕದ ಮಹಿಳಾ ಮತದಾರರ ಸಂಘಕ್ಕೆ ಹೀಗೇ ಆಯಿತು. ಮೂರನೆಯವರಾದ ಜಾನ್ ಆಂಡರ್ಸನ್ ಇದ್ದರೆ ತಾನು ಬರುವುದಿಲ್ಲ ಅಂದವರು ಸ್ವತಃ ಅಧ್ಯಕ್ಷ ಕಾರ್ಟರ್. ಆ ಹೆಂಗಸರು ಸಭೆ ನಿಲ್ಲಿಸಲಿಲ್ಲ. ಕಾರ್ಟರ್ ಎದುರಾಳಿ ರೇಗನ್ ಮತ್ತು ಆಂಡರ್ಸನ್ ಇಬ್ಬರನ್ನೇ ಕೂರಿಸಿ ಚರ್ಚೆ ನಡೆಸಿದರು. ಮುಂದಿನ ತಿಂಗಳು ಆಂಡರ್ಸನ್‌ರನ್ನು ಬಿಟ್ಟು ಕಾರ್ಟರ್, ರೇಗನ್ ಚರ್ಚೆ ಮಾಡಿಸಿದ್ದೂ ಅವರೇ. ಒತ್ತಡ ಅಷ್ಟು ಇರುತ್ತದೆ, ಪುಟ್ಟಿ. ನೀನು ಅವರ ಮೊದಲ ಹೆಜ್ಜೆಯನ್ನು ಮಾತ್ರ ಹಿಡಿ. ಬರದವರ ಕುರ್ಚಿ ಖಾಲಿ ಇರಲಿ, ಅದರ ಮೇಲೆ ಹೆಸರಿನ ಚೀಟಿ ಅಂಟಿಸಿಡು. ಗದ್ದಲ ಬೇಡ, ಟೀಕೆಯೂ ಬೇಡ.

ಬಸ್‌ಸ್ಟ್ಯಾಂಡಿನ ಹತ್ತಿರ ಹೂವು ಮಾರುವ ಹೆಂಗಸೊಬ್ಬರು ಪಕ್ಷೇತರರಾಗಿ ನಿಂತಿದ್ದಾರೆ ಅಂದೆಯಲ್ಲ. 10,000 ಠೇವಣಿಯನ್ನು ಬೀದಿ ವ್ಯಾಪಾರದವರೆಲ್ಲ ಸೇರಿ ಕಟ್ಟಿದ್ದು ಅಂತ. ಅವರ ಕರೆಯೋಲೆಯನ್ನು ವಾಟ್ಸಾಪಿನಲ್ಲಿ ಕಳಿಸಬೇಡ. ನೀನೇ ಹೋಗಿ ಕೈಗೆ ಕೊಡು. ಸಂಜೆ ವ್ಯಾಪಾರದ ಹೊತ್ತು ಬಿಟ್ಟು ಹೋಗು. ಮೂರು ನಿಮಿಷ ಅಂದರೆ ಎಷ್ಟು ಅಂತ ಒಮ್ಮೆ ಹೇಳಿಕೊಡು. ಮೈಕ್ ಮುಂದೆ ಮಾತಾಡಿ ರೂಢಿ ಇರಲಾರದು.

ಸಭೆ ಮುಗಿದ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಅವರು ಏನು ಹೇಳಿದರು ಅಂತ ನನಗೆ ಕೇಳಬೇಕು. ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಮುಂದಿನ ವಾರ ಬಸ್ಸಿನಲ್ಲಿ ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ