ಎದೆಯ ಗಂಟಿಗೆ ಹೆದರಬೇಡಿ, ಬೆನ್ನು ನೋಡಿ

ಮಾನ್ಯರೇ,

ಹತ್ತು-ಹನ್ನೊಂದರ ಹುಡುಗಿಯ ಒಂದೇ ಬದಿಯ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೆ ತಾಯಂದಿರು ಕ್ಯಾನ್ಸರ್ ಎಂದು ನಡುಗುತ್ತಾರೆ. ಹೆಚ್ಚಾಗಿ ಅದು ಸ್ತನದ ಮೊಗ್ಗು. ಸ್ತನ ಬೆಳೆಸುವ ಹಾರ್ಮೋನು ಈಸ್ಟ್ರೋಜನ್ ರಕ್ತದಲ್ಲಿ ಎರಡೂ ಬದಿಗೆ ಸಮನಾಗಿ ಹರಿದರೂ ಅಂಗಾಂಶ ಸ್ಪಂದಿಸುವ ವೇಗ ಬೇರೆ. ಇನ್ನೊಂದು ಬದಿ ಕೆಲವು ತಿಂಗಳು ತಡವಾಗಬಹುದು. ಗಾಬರಿಯಲ್ಲಿ ಕೊಯ್ದು ಪರೀಕ್ಷಿಸಿದರೆ ಆ ಸ್ತನ ಮುಂದೆ ಬೆಳೆಯದೇ ಹೋದೀತು. 8 ವರ್ಷಕ್ಕೆ ಮೊದಲೇ ಕಂಡರೆ, ಚರ್ಮ ಕೆಂಪಾದರೆ, ಗಂಟು ಗಟ್ಟಿಯಾಗಿ ಬೇಗ ಬೆಳೆದರೆ ತಡಮಾಡಬಾರದು.

ಎಂಡೋಸಲ್ಫಾನ್ ಕೀಟನಾಶಕದ ಹಾನಿ ಕಂಡ ಕಾಸರಗೋಡಿನಲ್ಲಿ, ಮಗುವಿನ ಎಡ-ಬಲ ಒಂದೇ ತೆರನಿಲ್ಲದಿದ್ದರೆ ಭಯ ಸಹಜ. ಗರ್ಭದಲ್ಲಿನ ಒತ್ತಡ ಎಡ-ಬಲದ ಸಮತೋಲ ಕೆಡಿಸಬಹುದು, ನಿಜ. ಆದರೆ ಕಿವಿ, ಬೆರಳುಗಳ ಒಂದೆರಡು ಮಿಲಿಮೀಟರ್ ವ್ಯತ್ಯಾಸ ನೋಡಿ ಒಂದು ಮಗುವಿನ ಬಗ್ಗೆ ಏನನ್ನೂ ಹೇಳಲಾಗದು. ಅಳತೆಯ ತಪ್ಪೇ ಹಲವು ಸಲ ಅಷ್ಟಿರುತ್ತದೆ.

ನೋಡಬೇಕಾದದ್ದು ಬೆನ್ನು, ಅದನ್ನೇ ಯಾರೂ ನೋಡುವುದಿಲ್ಲ. ಮಗು ಬರಿಗಾಲಲ್ಲಿ ಪಾದ ಜೋಡಿಸಿ, ಮೊಣಕಾಲು ಮಡಿಸದೆ, ಅಂಗೈ ಕೂಡಿಸಿ ಕೈ ಇಳಿಬಿಟ್ಟು ಮುಂದಕ್ಕೆ ಬಾಗಲಿ. ಹಿಂದೆ ಕುಳಿತು ಬೆನ್ನಿನ ಮಟ್ಟಕ್ಕೆ ಕಣ್ಣಿಡಿ. ಒಂದು ಬದಿಯ ಪಕ್ಕೆ ಉಬ್ಬಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಪಕ್ಕದ ಬಾಗು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಅದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತೇವೆ. ಮೈನೆರೆಯುವ ಮುಂಚೆ ಎತ್ತರ ಸರ್ರನೆ ಏರುವಾಗ ಅದು ಬೇಗ ಹೆಚ್ಚುತ್ತದೆ. 25 ಡಿಗ್ರಿ ದಾಟಿದ, ಇನ್ನೂ ಬೆಳೆಯುವ ಮಗುವಿಗೆ ಬಾಗು ಹೆಚ್ಚದಂತೆ ತಡೆಯಲು ಬ್ರೇಸ್ (ಮೈಗೆ ಕಟ್ಟುವ ಗಟ್ಟಿ ಕವಚ) ಉಪಯೋಗ. ಬೆಳವಣಿಗೆ ಮುಗಿದ ಮೇಲೆ ಕರೆತಂದರೆ ಬ್ರೇಸ್ ಫಲಿಸದು. ಪುಸ್ತಕದ ಚೀಲವನ್ನು ದೂರುವುದೂ ಸರಿಯಲ್ಲ.

ಜಿಲ್ಲೆಯ ಶಾಲೆಗಳ ಆರೋಗ್ಯ ತಪಾಸಣೆಯಲ್ಲಿ ಐದರಿಂದ ಎಂಟನೇ ತರಗತಿಯವರಿಗೆ ಈ ಬೆನ್ನಿನ ಪರೀಕ್ಷೆಯನ್ನು ಸೇರಿಸಿ. ಒಂದು ಮಗುವಿಗೆ ಒಂದು ನಿಮಿಷ ಸಾಕು.

– ಮಕ್ಕಳ ವೈದ್ಯೆ, ಕುಂಬಳೆ