ಗುಡ್ಡ ಹತ್ತಿದ ಊರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಬಸೂ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. "ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ನಮ್ಮ ಓಣಿಯೂ ಹೋಗುತ್ತದೆ. ಎಲ್ಲರೂ ಒಟ್ಟಿಗೆ ಎದ್ದು ಹೋದರೆ ಊರು ಊರಾಗಿ ಉಳಿಯುತ್ತದಾ?" ಎಂದೆ. ನನಗೆ ಆಗ ಏನೂ ಹೇಳಲಾಗಲಿಲ್ಲ. ಶನಿವಾರ ಬೆಳಿಗ್ಗೆ ಎದ್ದವನೇ ವಾಲ್‌ಮಾಯರ್‌ಗೆ ಹೋಗಿ ಬಂದೆ. ಒಟ್ಟಿಗೆ ಎದ್ದು ಹೋದ ಊರು ಅದು.

ಅಮೆರಿಕದ ಇಲಿನಾಯ್ ರಾಜ್ಯದ ಪುಟ್ಟ ಊರು, ಸೇಂಟ್ ಲೂಯಿಸ್‌ನಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ. ಒಂದು ಕಡೆ ಮಿಸ್ಸಿಸಿಪ್ಪಿ ನದಿ, ಇನ್ನೊಂದು ಕಡೆ ಗೋಡೆಯ ಹಾಗೆ ನಿಂತ ಸುಣ್ಣಕಲ್ಲಿನ ಗುಡ್ಡ. ನಡುವೆ ಕಣ್ಣು ಹಾಯುವಷ್ಟು ದೂರ ಬಯಲು, ಮೆಕ್ಕೆಜೋಳ ಮತ್ತು ಸೋಯಾ. ನಮ್ಮ ಎರೆಹೊಲ ನೆನಪಾಗುವಂಥ ಮಣ್ಣು. ಅದನ್ನು ತಂದು ಹಾಸಿದ್ದು ನದಿಯೇ. ಕೊಟ್ಟ ನದಿ ಆಗಾಗ ಬಂದು ವಾಪಸ್ ಕೇಳುತ್ತಲೂ ಇತ್ತು. 1910ರಲ್ಲಿ ಬಂತು. 1943, 1944, ಮತ್ತೆ 1947. ಪ್ರತಿ ಸಲವೂ ಜನ ಕೆಸರು ಬಾಚಿ, ಗೋಡೆ ತೊಳೆದು, ಅಲ್ಲೇ ಒಲೆ ಹೊತ್ತಿಸಿದರು. ಆಮೇಲೆ ನದಿಯುದ್ದಕ್ಕೂ ಮಣ್ಣಿನ ಒಡ್ಡನ್ನು ಎತ್ತರಿಸಿದರು. ನಲವತ್ತು ವರ್ಷಕ್ಕೂ ಜಾಸ್ತಿ ಊರೊಳಗೆ ಹೊಳೆ ನೀರು ಕಾಲಿಡಲಿಲ್ಲ. ಪ್ರವಾಹ ಎಂದರೆ ಅಜ್ಜ ಹೇಳುವ ಕಥೆ ಎಂದುಕೊಂಡು ಒಂದು ತಲೆಮಾರೇ ಬೆಳೆಯಿತು.

1993ರ ಬೇಸಿಗೆಯಲ್ಲಿ ಮಳೆ ನಿಲ್ಲಲೇ ಇಲ್ಲ. ಮೇಲಿನ ರಾಜ್ಯಗಳ ನೀರೆಲ್ಲ ಮಿಸ್ಸಿಸಿಪ್ಪಿಗೂ ಮಿಸ್ಸೂರಿಗೂ ಸೇರಿತು. ಸೇಂಟ್ ಲೂಯಿಸ್‌ನಲ್ಲಿ 30 ಅಡಿ ದಾಟಿದರೆ ಪ್ರವಾಹ ಎಂದು ಲೆಕ್ಕ. ಆಗಸ್ಟ್ 1ರಂದು ನೀರು 49.58 ಅಡಿ ಮುಟ್ಟಿತು. ವಾಲ್‌ಮಾಯರ್‌ನವರು ವಾರಗಟ್ಟಲೆ ಮರಳಿನ ಚೀಲ ತುಂಬಿ ಒಡ್ಡಿನ ಮೇಲೆ ಪೇರಿಸುತ್ತಿದ್ದರು.

ನನಗೆ ತುಂಬಾ ಸಂಕಟ ಆಗುವುದು ಇಲ್ಲಿ. ಅವರು ಕಾಯುತ್ತಿದ್ದ ಒಡ್ಡಿನಿಂದ ನೀರು ಬರಲೇ ಇಲ್ಲ. ಉತ್ತರಕ್ಕೆ ಕೆಲವು ಮೈಲಿ ದೂರದ ಕೊಲಂಬಿಯಾ ಊರಿನ ಹತ್ತಿರ ಇನ್ನೊಂದು ಒಡ್ಡು ಒಡೆಯಿತು. ಒಳಗೆ ನುಗ್ಗಿದ ನೀರು ಗುಡ್ಡಕ್ಕೂ ಒಡ್ಡಿಗೂ ನಡುವೆ ಬಯಲು ಹಿಡಿದು ದಕ್ಷಿಣಕ್ಕೆ ಹರಿದು, ರಾತ್ರಿ ಹೊತ್ತಿಗೆ ಹಿಂದಿನಿಂದ ಊರು ಹೊಕ್ಕಿತು. ನದಿಯನ್ನು ಹೊರಗಿಡಲು ಕಟ್ಟಿದ ಒಡ್ಡೇ ಈಗ ನೀರನ್ನು ಬಟ್ಟಲಿನಂತೆ ಒಳಗೆ ಹಿಡಿದುಕೊಂಡಿತು. ಕೆಲವು ಕಡೆ 16 ಅಡಿ ಆಳ. ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಬಂತು. ಹತ್ತರಲ್ಲಿ ಒಂಬತ್ತು ಕಟ್ಟಡ ಹಾಳಾದವು.

ಇನ್ನೂ ಕೆಳಗೆ ಪ್ರೇರಿ ಡು ರೋಷರ್ ಎಂಬ ಊರಿದೆ. 1722ರಲ್ಲಿ ಫ್ರೆಂಚರು ನೆಲೆಸಿದ ಜಾಗ. ಅದೇ ನೀರು ಅತ್ತ ಹೊರಟಾಗ ಅಲ್ಲಿನವರು ನದಿಯ ಒಡ್ಡನ್ನು ತಾವೇ ಒಡೆದರು. ಮೇಲಿನಿಂದ ರಭಸವಾಗಿ ಬರುವ ನೀರಿಗೆ ಎದುರಾಗಿ ನದಿಯ ನೀರನ್ನು ಮೊದಲೇ ತುಂಬಿಸಿ ನಿಲ್ಲಿಸಿದರು. ಹೊಲ ಮುಳುಗಿತು, ಊರು ಉಳಿಯಿತು. ಆ ತೀರ್ಮಾನ ಮಾಡಿದವರ ಎದೆ ಎಷ್ಟು ಹೊಡೆದುಕೊಂಡಿರಬೇಕು ಹೇಳು.

ವಾಲ್‌ಮಾಯರ್‌ನಲ್ಲಿ ಆಗ ಸುಮಾರು 900 ಜನ. ಮನೆಗೆ ಅರ್ಧಕ್ಕಿಂತ ಜಾಸ್ತಿ ಹಾನಿಯಾಗಿದ್ದರೆ ಪ್ರವಾಹದ ಮಟ್ಟಕ್ಕಿಂತ ಎತ್ತರಿಸಿಯೇ ಮತ್ತೆ ಕಟ್ಟಬೇಕು ಎಂಬ ನಿಯಮ ಇತ್ತು. ಬಡವರಿಗೆ ಅದು ಆಗುವ ಮಾತಲ್ಲ. ಮೇಯರ್ ಡೆನ್ನಿಸ್ ನಾಬ್ಲಾಕ್ ಮತ್ತು ಊರಿನವರು ಕೂತು ಮಾತಾಡಿದರು. ಚದುರಿ ಹೋಗೋಣವೋ, ಒಟ್ಟಿಗೆ ಹೋಗೋಣವೋ? ಸುಮಾರು ಮೂರರಲ್ಲಿ ಎರಡು ಪಾಲು ಜನ ಒಟ್ಟಿಗೆ ಎಂದರು. ಎರಡು ಮೈಲಿ ದೂರದಲ್ಲಿ, 400 ಅಡಿ ಮೇಲೆ, ಗುಡ್ಡದ ತಲೆಯಲ್ಲಿ 500 ಎಕರೆ ಹೊಲ ಸಿಕ್ಕಿತು. ರಸ್ತೆ ಎಲ್ಲಿ, ಶಾಲೆ ಎಲ್ಲಿ ಎಂದು ಊರವರೇ ಸಮಿತಿ ಮಾಡಿಕೊಂಡು ಚರ್ಚಿಸಿದರು. ಅದೇ ಡಿಸೆಂಬರ್‌ನಲ್ಲಿ ಕೆಲಸ ಶುರುವಾಯಿತು. ಮೊದಲ ಮನೆಗಳಿಗೆ ಜನ ಬಂದದ್ದು 1995ರಲ್ಲಿ.

ಅಷ್ಟು ದಿನ ಕಾಯಲು ಎಲ್ಲರಿಂದ ಆಗಲಿಲ್ಲ ಬಸೂ. ಮಕ್ಕಳ ಶಾಲೆ, ಕೆಲಸ, ವಯಸ್ಸಾದ ತಂದೆ ತಾಯಿ, ಎಲ್ಲರಿಗೂ ಒಂದೊಂದು ತಾಪತ್ರಯ. 2000ದ ಜನಗಣತಿಯಲ್ಲಿ ಹೊಸ ಊರಿನಲ್ಲಿ ಇದ್ದವರು 608 ಮಂದಿ. ಈಗ 1,200 ದಾಟಿದೆ, ಆದರೆ ಅದರಲ್ಲಿ ಹೊಸಬರೂ ಬಹಳ.

ಮೇಲೆ ಸುತ್ತಾಡಿದೆ. ಚೆಂದದ ಮನೆಗಳು, ದೊಡ್ಡ ಅಂಗಳ, ತಿರುವು ತಿರುವಿನ ರಸ್ತೆ. ಹಳೇ ಊರಿನಲ್ಲಿದ್ದಂಥ ಪೇಟೆಬೀದಿ ಮಾತ್ರ ಮೇಲೆ ಬರಲೇ ಇಲ್ಲ. ನಾನಿದ್ದ ಒಂದು ತಾಸಿನಲ್ಲಿ ಕಾಲ್ನಡಿಗೆಯಲ್ಲಿ ಹೋಗುವ ಒಬ್ಬರೂ ಕಾಣಲಿಲ್ಲ. ಆಮೇಲೆ ಕೆಳಗಿಳಿದೆ. ಬೀದಿಗಳು ಹಾಗೇ ಇವೆ, ಇಕ್ಕೆಲದಲ್ಲಿ ಹುಲ್ಲು. ಬಿಟ್ಟು ಹೋಗಲೊಲ್ಲದ ಕೆಲವರ ಮನೆ ಇನ್ನೂ ಅಲ್ಲೇ ಇವೆ. ಆ ಖಾಲಿ ಬೀದಿಯಲ್ಲಿ ನಿಂತಾಗ ನನಗೆ ಬಾಗಲಕೋಟೆಯ ನಮ್ಮ ಕಿಲ್ಲಾ ಓಣಿ ನೆನಪಾಗಿ ಗಂಟಲು ಕಟ್ಟಿತು.

ನಮ್ಮ ಮನೆ ಹಿನ್ನೀರಿಗೆ ಹೋದಾಗ ನೆನಪಿದೆಯಾ? ಅಕ್ಕಪಕ್ಕದ ಹತ್ತು ಮನೆಯವರು ನವನಗರದ ಹತ್ತು ಸೆಕ್ಟರಿಗೆ ಹಂಚಿಹೋದೆವು. ಒಳ್ಳೆ ರಸ್ತೆ ಸಿಕ್ಕಿತು, ನಿಜ. ಆದರೆ ನನ್ನ ಅವ್ವ ಸಾಯುವ ತನಕ ಸಂಜೆಯಾದರೆ ಬಾಗಿಲಲ್ಲಿ ಕೂತು, ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಿದ್ದಳು. ವಾಲ್‌ಮಾಯರ್‌ನವರ ಊರನ್ನು ನೀರು ಕಸಿದುಕೊಂಡಿತು, ಎಲ್ಲಿಗೆ ಹೋಗಬೇಕು ಎಂಬುದನ್ನು ಅವರೇ ಹೇಳಿದರು. ನಮಗೆ ನೋಟಿಸು ಬಂತು, ಜಾಗದ ಚೀಟಿ ಬಂತು, ಅಷ್ಟೇ.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಹೋಗಬೇಕಾಗಿ ಬಂದರೆ ಒಟ್ಟಿಗೇ ಹೋಗಿ. ಓಣಿ ಲೆಕ್ಕದಲ್ಲಿ ಜಾಗ ಕೇಳಿ, ಮನೆ ಲೆಕ್ಕದಲ್ಲಿ ಬೇಡ. ಕಿರಾಣಿ ಅಂಗಡಿ, ಚಹಾದ ಅಂಗಡಿ, ಕಟ್ಟೆ, ಹೋಳಿಗೆ ಹಲಗಿ ಬಾರಿಸುವ ಜಾಗ, ಇವನ್ನೆಲ್ಲ ಮೊದಲೇ ನಕ್ಷೆಯಲ್ಲಿ ಬರೆಸಿ. ಮನೆ ಕಟ್ಟಿದ ಮೇಲೆ ತಾನಾಗಿ ಬರುತ್ತವೆ ಎಂದು ಬಿಡಬೇಡಿ. ಕೆಲಸ ತಡವಾದಷ್ಟೂ ಜನ ಚದುರುತ್ತಾರೆ, ಅದಕ್ಕೆ ಈಗಲೇ ನಾಲ್ಕು ಮಂದಿ ಕೂಡಿ.

ಇವತ್ತೇ ಒಂದು ಕೆಲಸ ಮಾಡು. ಯಾರ ಮನೆಗೆ ಯಾರ ಮನೆ ಹತ್ತಿಕೊಂಡಿದೆ ಎಂದು ದೊಡ್ಡ ಹಾಳೆಯ ಮೇಲೆ ಬರೆದಿಡು. ನಿಮ್ಮ ಅವ್ವನನ್ನು ಕೇಳಿದರೆ ಮೂರು ತಲೆಮಾರಿನದು ಹೇಳುತ್ತಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಮುಳುಗಿದ ನಮ್ಮ ಮನೆಯನ್ನೂ ಅದರಲ್ಲಿ ಹಾಕಿ, ಫೋಟೊ ತೆಗೆದು ಕಳಿಸು.

ನಿನ್ನ,
ಶಿವು