ಅಜ್ಜಿಯ ಚಿತ್ರಗಳಲ್ಲಿ ನಾವೆಲ್ಲ ನಿದ್ದೆ ಮಾಡುತ್ತಿದ್ದೇವೆ

ಗೆಳೆಯಾ,

ಅಜ್ಜಿ ಹೋದ ಮೇಲೆ ನೀನು ಬರೆದ ನಾಲ್ಕು ಸಾಲು ಎಷ್ಟು ಸಲ ಓದಿಕೊಂಡೆನೋ ಗೊತ್ತಿಲ್ಲ. ಉತ್ತರ ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಅವಳನ್ನು ಬಲ್ಲವರು ತುಂಬಾ ಜನ ಇದ್ದಾರೆ, ಅವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ತೊಂಬತ್ತು ದಾಟಿದ ತುಂಬು ಬದುಕು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಎಲ್ಲರಿಗೂ ಅವಳೇ ನಡುಗಂಬ. ಮಾತಾಡಿಸಲು ಬಂದವರೆಲ್ಲ ಸುತ್ತಿ ಬಳಸಿ ಒಂದೇ ಮಾತು ಹೇಳಿದರು. "ಅಷ್ಟು ಚಿತ್ರ ಬರೆದರು, ಆದರೆ ಅದಕ್ಕಾಗಿ ಮನೆಯನ್ನು ಒಂದು ದಿನವೂ ಕಡೆಗಣಿಸಲಿಲ್ಲ ನೋಡಿ." ಹೊಗಳಿಕೆಯೇ, ನಿಜವೂ ಹೌದು. ಆದರೂ ಆ ಮಾತು ನನ್ನನ್ನು ಬಿಡುತ್ತಿಲ್ಲ.

ಮೊನ್ನೆ ಚಿತ್ರಗಳನ್ನೆಲ್ಲ ಇಳಿಸಿ, ಹಿಂದೆ ಅವಳೇ ಬರೆದಿಟ್ಟ ಇಸವಿ ನೋಡಿ ಸಾಲಾಗಿ ಗೋಡೆಗೆ ಒರಗಿಸಿದೆ. ಮೊದಲಿನವು ದೊಡ್ಡವು, ಎಣ್ಣೆ ಬಣ್ಣದವು. ಮಕ್ಕಳಾಗುತ್ತಿದ್ದಂತೆ ಎಲ್ಲಾ ಜಲವರ್ಣ, ಅಂಗೈಯಷ್ಟಗಲ. ಎಣ್ಣೆ ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ವಾಸನೆ ಹಸುಗೂಸಿಗೆ ಒಳ್ಳೆಯದಲ್ಲ, ಹಳೇ ಬಿಳಿ ಬಣ್ಣದಲ್ಲಿ ಸೀಸ ಬೇರೆ, ಅದಕ್ಕೇ ಬಿಟ್ಟಳಂತೆ. ಆದರೆ ಜಲವರ್ಣ ಯಾರಿಗೂ ಕಾಯುವುದಿಲ್ಲ ಕಣೋ. ಕಾಗದದ ಪಸೆ ಆರುವ ಮುಂಚೆ ಬಣ್ಣ ಹರಡಿ ಮುಗಿಸಬೇಕು, ನಡುವೆ ಎದ್ದು ಹೋದರೆ ನಿಂತಲ್ಲೇ ಒಣಗಿ ಗಟ್ಟಿ ಅಂಚು ಮೂಡುತ್ತದೆ. ಅವಳ ಆಕಾಶಗಳಲ್ಲಿ ಅಂಥ ಅಂಚುಗಳು ಎಷ್ಟಿವೆ ಗೊತ್ತಾ? ಚಿಕ್ಕವಳಿದ್ದಾಗ ಅವು ದೂರದ ಬೆಟ್ಟ ಅಂದುಕೊಂಡಿದ್ದೆ. ಈಗ ಗೊತ್ತಾಗುತ್ತದೆ, ಪ್ರತಿ ಅಂಚಿನ ಹತ್ತಿರ ಯಾರೋ ಅತ್ತಿದ್ದಾರೆ. ಒಂದೆರಡು ಕಡೆ ಅಪ್ಪನೇ ಇರಬೇಕು.

ಕೊನೆಯ ಮಗು ಶಾಲೆಗೆ ಹೋದ ಮೇಲೆ ಮತ್ತೆ ಎಣ್ಣೆ ಬಣ್ಣ ಬರುತ್ತದೆ. ಅದರಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದು, ದಿನಗಟ್ಟಲೆ ಬೇಕು. "ಇದು ಕಾಯುತ್ತೆ ಕಣೇ, ಯಾರು ಕರೆದರೂ ಎದ್ದು ಹೋಗಿ ಬರಬಹುದು" ಅನ್ನುತ್ತಿದ್ದಳು. ಬಣ್ಣವನ್ನು ಕೂಡ ನಮ್ಮನ್ನು ನೋಡಿಯೇ ಆರಿಸಿಕೊಂಡಿದ್ದಾಳೆ. ಮತ್ತೆ ನಾವೆಲ್ಲ ಅವಳ ಚಿತ್ರಗಳಲ್ಲಿ ಮಲಗಿಯೇ ಇದ್ದೇವೆ, ಗಮನಿಸಿದ್ದೀಯಾ? ನೀನೂ ಸೇರಿ. ಮನೆ ಅಲ್ಲಾಡದೆ ಇದ್ದದ್ದು ಆಗ ಮಾತ್ರ ಅಲ್ವಾ.

ಕಡೆಯ ಸಾಲಿನ ಚಿತ್ರಗಳಲ್ಲಿ ನೀಲಿ ಸತ್ತು ಎಲ್ಲಾ ಕೆಂಪು ಕಂದು. ಕಣ್ಣಿನ ಪೊರೆ. ಮಸೂರ ಹಳದಿಯಾಗುತ್ತಾ ಹೋದ ಹಾಗೆ ನೀಲಿ ಒಳಗೆ ಬರುವುದೇ ಕಡಿಮೆಯಾಗುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆಗೂ ಹೀಗೇ ಆಗಿತ್ತು, 1912ರಲ್ಲಿ ಪೊರೆ ಗೊತ್ತಾಗಿ ಶಸ್ತ್ರಚಿಕಿತ್ಸೆ ಆದದ್ದು 1923ರಲ್ಲಿ. ಅಜ್ಜಿ ಕಣ್ಣು ಸರಿಯಾಗಿ ಬಂದು ಆ ಚಿತ್ರಗಳನ್ನು ಒಂದೊಂದಾಗಿ ನೋಡಿ, ಯಾವುದನ್ನೂ ತಿದ್ದಲಿಲ್ಲ. ನನಗೆ ಹಾಗೇ ಕಂಡಿತ್ತಲ್ಲ, ಇರಲಿ ಅಂದಳು.

ಅಮೆರಿಕದ ಗ್ರ್ಯಾಂಡ್‌ಮಾ ಮೋಸೆಸ್ ಬಗ್ಗೆ ನೀನೇ ಒಮ್ಮೆ ಹೇಳಿದ್ದೆ. 1860ರಲ್ಲಿ ಹುಟ್ಟಿದ ರೈತ ಹೆಂಗಸು, ಹತ್ತು ಮಕ್ಕಳನ್ನು ಹೆತ್ತು ಐದನ್ನು ಕೂಸುಗಳಾಗಿದ್ದಾಗಲೇ ಕಳೆದುಕೊಂಡವಳು. ಸಂಧಿವಾತದಿಂದ ಕಸೂತಿ ಸೂಜಿ ಹಿಡಿಯಲಾಗದೆ ಎಪ್ಪತ್ತೆಂಟರ ಹೊತ್ತಿಗೆ ಕುಂಚ ಹಿಡಿದಳು, 1961ರಲ್ಲಿ ನೂರೊಂದನೇ ವಯಸ್ಸಿಗೆ ಹೋಗುವಷ್ಟರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಚಿತ್ರ. ಈ ಕಥೆ ಕೇಳಿ ಎಲ್ಲರೂ ಖುಷಿಪಡುತ್ತಾರೆ, ನೋಡಿ ವಯಸ್ಸು ಅಡ್ಡಿ ಬರುವುದಿಲ್ಲ ಅಂತ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಬರೆಯಬಹುದಾಗಿದ್ದ ಚಿತ್ರಗಳು ಎಲ್ಲಿ ಹೋದವು ಅಂತ ಯಾರೂ ಕೇಳುವುದಿಲ್ಲ.

ಅಜ್ಜಿ ಕೊರಗಿದವಳಲ್ಲ. ನಮ್ಮನ್ನು ಕಂಡರೆ ಅವಳಿಗಿದ್ದ ಪ್ರೀತಿ ಕರ್ತವ್ಯದ್ದಾಗಿರಲಿಲ್ಲ, ಕರೆದರೆ ನಗುತ್ತಲೇ ಎದ್ದು ಬರುತ್ತಿದ್ದಳು. ನನಗೆ ಹೆದರಿಕೆಯಾಗುವುದೇ ಅದಕ್ಕೆ. ಮಗಳು ಹುಟ್ಟಿದ ಮೇಲೆ ನಾನು ಒಂದು ಕಥೆಯನ್ನೂ ಮುಗಿಸಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ಮಗಳು ನಿದ್ದೆ ಹೋದಾಗ ಪಕ್ಕದಲ್ಲಿ ಕೂತು ಸಂತೋಷವಾಗಿಯೇ ಇರುತ್ತೇನೆ, ಅದರ ಜೊತೆಗೇ ಒಳಗೆ ಏನೋ ಒಣಗಿ ಅಂಚು ಕಟ್ಟುತ್ತಿದೆ ಅನ್ನಿಸುತ್ತದೆ. ನಾಳೆ ನನ್ನ ಬಗ್ಗೆಯೂ ಜನ ಅದೇ ಮಾತು ಹೇಳಿ ಹೊಗಳಿದರೆ? ಆ ಹೊಗಳಿಕೆ ನನಗೆ ಬೇಡ ಕಣೋ. ಅಜ್ಜಿಗೆ ಬೇಕಿತ್ತಾ ಅಂತ ಕೇಳಿಕೊಳ್ಳಲು ಈಗ ಅವಳಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ, ಸಾಕು ಬಿಡು.

ಚಿತ್ರ ಹಂಚಿಕೆ ಜೋರಾಗಿ ನಡೆದಿದೆ. ಆ ಬೆಕ್ಕಿನ ಚಿತ್ರಕ್ಕೆ ಇಬ್ಬರು ಅತ್ತೆಯರೂ ಪಟ್ಟು ಹಿಡಿದಿದ್ದಾರೆ, ಯಾವ ಬೆಕ್ಕು ಅಂತ ನಿನಗೆ ಬೇರೆ ಹೇಳಬೇಕಾ! ನಿನ್ನ ಚಿತ್ರ ಮಾತ್ರ ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಬಾಯಿ ತೆರೆದುಕೊಂಡು ಮಲಗಿದ್ದೀಯ, ಆರನೇ ಬೆರಳು ಹಾಗೇ ಇದೆ. ರಜೆ ಹಾಕಿ ಬಂದು ತೆಗೆದುಕೊಂಡು ಹೋಗು, ಇಲ್ಲದಿದ್ದರೆ ದೊಡ್ಡ ಅತ್ತೆಯಿಂದ ಅದನ್ನು ಜಾಸ್ತಿ ದಿನ ಕಾಪಾಡಲು ನನ್ನಿಂದಾಗದು.

ನಿನ್ನ ಗೆಳತಿ